ಕೂತುಂಡರೆ ಕುಡಿಕೆ ಹೊನ್ನು ಸಾಲುವುದೆ?

(ಸಂಘದ ಸದಸ್ಯರ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ವಿದ್ವಾಂಸರೂ ಕವಿಗಳೂ ನಿಂತು ಮಾತನಾಡಿದ್ದಾರೆ. ನಾವಾದರೋ ಬ್ಯಾಂಕಿನ ಗುಮಾಸ್ತರು, ಬಿ.ಕಾಂ. ಓದಿ, 2012ರಿಂದ ಪರರ ಹಣವನ್ನು ಎಣಿಸಿಕೊಟ್ಟು ಬದುಕುತ್ತಿರುವವರು. ಸಾಹಿತ್ಯದ ವಿಷಯವಾಗಿ ಮಾತನಾಡುವ ಯೋಗ್ಯತೆ ನಮಗಿಲ್ಲವೆಂದು ಕಾರ್ಯದರ್ಶಿಗಳಲ್ಲಿ ಅರಿಕೆ ಮಾಡಿಕೊಂಡೆವು. "ಹಾಗಾದರೆ ನಿಮ್ಮ ಮನೆಯ ಲೆಕ್ಕವನ್ನೇ ಹೇಳಿ" ಎಂದರು. ಬೇರೆಯವರ ಲೆಕ್ಕವನ್ನು ಹೊರಗೆ ಹೇಳುವುದು ನಮ್ಮ ಕಸುಬಿನಲ್ಲಿ ಅಪರಾಧ. ಸ್ವಂತದ್ದನ್ನು ಹೇಳಲು ಅಡ್ಡಿಯಿಲ್ಲವೆಂದು ಒಪ್ಪಿಕೊಂಡೆವು. "ನಾವು" ಎನ್ನುವುದು ದೊಡ್ಡಸ್ತಿಕೆಯ ಮಾತೆಂದು ತಾವು ತಿಳಿಯಬಾರದು. ನಮ್ಮ ಮನೆಯ ಜಮಾಖರ್ಚಿನ ಪುಸ್ತಕವನ್ನು ಗಂಡಹೆಂಡಿರಿಬ್ಬರೂ ಕೂಡಿ ಬರೆಯುತ್ತೇವೆ. ಆದಕಾರಣ ಮಾತೂ ಇಬ್ಬರದು, ತಪ್ಪೊಪ್ಪುಗಳೂ ಇಬ್ಬರವು.

ಕೂತುಂಡರೆ ಕುಡಿಕೆ ಹೊನ್ನು ಸಾಲದೆಂದು ನಮ್ಮ ಹಿರಿಯರ ಗಾದೆ. ಕೆಲಸ ಬಿಟ್ಟು ಕೂತವನಿಗೆ ಎಷ್ಟು ಕೂಡಿಟ್ಟರೂ ಸಾಲದೆಂಬುದು ಅದರ ತಾತ್ಪರ್ಯ. ಅರುವತ್ತಕ್ಕೆ ಮೊದಲೇ ನೌಕರಿಯಿಂದ ಬಿಡುಗಡೆ ಪಡೆಯಬೇಕೆಂದು ನಾವಿಬ್ಬರೂ ನಿಶ್ಚಯಿಸಿದಾಗ ಬಂಧುಗಳೆಲ್ಲ ಈ ಗಾದೆಯನ್ನೇ ನಮ್ಮ ಮುಂದೆ ಹಿಡಿದರು. ಗಾದೆ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಲೆಕ್ಕಿಗರಾದ ನಮಗೆ ಒಂದು ಪ್ರಶ್ನೆ ಉಳಿಯಿತು: ಒಂದು ಕುಡಿಕೆ ಸಾಲದಿದ್ದರೆ ಎಷ್ಟು ಕುಡಿಕೆ ಸಾಕು? ಆ ಪ್ರಶ್ನೆಯ ಬೆನ್ನು ಹತ್ತಿ ನಾವು ಕಂಡುಕೊಂಡದ್ದು ಇಷ್ಟು, ಎಡವಿದ್ದು ಇಷ್ಟು ಎಂದು ಹೇಳುವುದೇ ಈ ದಿನದ ಉದ್ದೇಶ.

ಮೊದಲು, ಈ ಆಸೆ ಏಕೆ ಹುಟ್ಟಿತೆಂಬುದನ್ನು ಹೇಳಬೇಕು. ನಮ್ಮೂರು ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲೂಕಿನ ಒಂದು ಹಳ್ಳಿ. 1956ರ ನವೆಂಬರ್ 1ರವರೆಗೆ ರಾಯಚೂರು, ಗುಲ್ಬರ್ಗ, ಬೀದರ್ ಜಿಲ್ಲೆಗಳಿಗೆ ಈ ಹೈದರಾಬಾದೇ ರಾಜಧಾನಿ. ನಾವು ಪ್ರತಿವರ್ಷ ಸಂಭ್ರಮದಿಂದ ಆಚರಿಸುವ ಆ ದಿನ ನಮ್ಮ ಊರುಗಳು ಅತ್ತ ಹೋದವು; ಅನೇಕರ ನೌಕರಿಗಳು ಇತ್ತ ಉಳಿದವು. ಕಾಚಿಗುಡದ ಹಳೆಯ ಮನೆತನಗಳನ್ನು ಕೇಳಿದರೆ ಇಂಥ ಕಥೆಗಳು ಎಷ್ಟೋ ದೊರೆಯುತ್ತವೆ. ಅಂದಿನಿಂದ ಇಂದಿನವರೆಗೆ ನಮ್ಮವರ ಬಾಯಲ್ಲಿ ಒಂದೇ ಮಾತು: "ರಿಟೈರಾದ ಮೇಲೆ ಊರಿಗೆ ಹೋಗುತ್ತೇವೆ."

ಒಂದು ರಾತ್ರಿ ಈ ಮಾತನ್ನು ನಾವು ಲೆಕ್ಕಕ್ಕೆ ಹಚ್ಚಿ ನೋಡಿದೆವು. ನಮಗೆ ಈಗ 38. ನಮ್ಮ ತಂದೆಯವರಿಗೆ 70. ನಮಗೆ ಅರುವತ್ತು ತುಂಬಿ ನಾವು ಊರು ಸೇರುವಾಗ ತಂದೆಯವರಿಗೆ 92 ಆಗಿರುತ್ತದೆ. ಯಾರ ಸಲುವಾಗಿ ಊರಿಗೆ ಹೋಗಬೇಕೆಂದಿರುವೆವೋ ಅವರು ಆಗ ಹೊಸಲಲ್ಲಿ ನಿಂತು ನಮ್ಮನ್ನು ಎದುರುಗೊಳ್ಳುವರೇ? ಈ ಲೆಕ್ಕವನ್ನು ತಾವೂ ತಮ್ಮ ಮನೆಯಲ್ಲಿ ಒಮ್ಮೆ ಹಾಕಿ ನೋಡಬೇಕೆಂದು ಪ್ರಾರ್ಥನೆ.

ಇನ್ನೊಂದು ಕಾರಣವೂ ಉಂಟು. 2010ರ ಏಪ್ರಿಲ್ 1ರ ಅನಂತರ ಸರ್ಕಾರಿ ಬ್ಯಾಂಕುಗಳಿಗೆ ಸೇರಿದ ನಮ್ಮಂಥವರಿಗೆ ಹಿಂದಿನವರಿಗಿದ್ದ ನಿಶ್ಚಿತ ಪಿಂಚಣಿ ಇಲ್ಲ. ನಮ್ಮದು ಎನ್.ಪಿ.ಎಸ್.; ತಿಂಗಳು ತಿಂಗಳು ಸೇರಿದ ಹಣ ಎಷ್ಟು ಬೆಳೆಯಿತೋ ಅಷ್ಟೇ ಮುಪ್ಪಿನ ಆಧಾರ. ಹೀಗಿರಲಾಗಿ ಬೇಗ ಬಿಡಲಿ, ತಡವಾಗಿ ಬಿಡಲಿ, ಕುಡಿಕೆಯನ್ನು ನಾವೇ ತುಂಬಿಸಿಕೊಳ್ಳಬೇಕು.

ಹಳೆಯ ಹೈದರಾಬಾದಿನಲ್ಲಿ ಎರಡು ಬಗೆಯ ರೂಪಾಯಿ ಚಲಾವಣೆಯಲ್ಲಿದ್ದುದನ್ನು ಹಿರಿಯರು ಕೇಳಿರಬಹುದು. ನಿಜಾಮರ ಹಾಲಿ ಸಿಕ್ಕ ಒಂದು, ಬ್ರಿಟಿಷ್ ಇಂಡಿಯಾದ ಕಲ್ದಾರ್ ಇನ್ನೊಂದು. ಏಳು ಹಾಲಿಗೆ ಆರು ಕಲ್ದಾರ್, ಅಂದರೆ ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಈ ವಿನಿಮಯ ತಿಳಿಯದವನು ಬಜಾರಿನಲ್ಲಿ ಮೋಸಹೋಗುತ್ತಿದ್ದ. ಇಂದು ಆ ಸಿಕ್ಕ ಇಲ್ಲ. ಆದರೂ ನಮ್ಮ ಕೈಯಲ್ಲಿ ಎರಡು ನಾಣ್ಯಗಳಿವೆ: ಒಂದು ರೂಪಾಯಿ, ಇನ್ನೊಂದು ಆಯುಷ್ಯ. ಅವೆರಡರ ವಿನಿಮಯ ದರವನ್ನು ತಿಳಿಯದೆ ನಾವು ದಿನವೂ ವ್ಯಾಪಾರ ಮಾಡುತ್ತಿದ್ದೇವೆ.

ನಮ್ಮ ದರವನ್ನು ಹೇಳಿಬಿಡುತ್ತೇವೆ. ಎಲ್ಲ ಕಡಿತಗಳೂ ಹೋಗಿ ಬ್ಯಾಂಕಿನಿಂದ ಕೈಗೆ ಬರುವುದು 52,000 ರೂಪಾಯಿ. ಕಚೇರಿಯಲ್ಲಿ ಎಂಟು ಗಂಟೆ, ಹೋಗಿಬರಲು ಎರಡು ಗಂಟೆ. ತಿಂಗಳಿಗೆ 24 ದಿನ ಹಿಡಿದರೆ 240 ಗಂಟೆ. ಗಂಟೆಗೆ ಬಿದ್ದದ್ದು ಸುಮಾರು 217 ರೂಪಾಯಿ. ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಷ್‌ಗೆ ಹೋದಾಗ 6,500 ರೂಪಾಯಿಯ ಮಿಕ್ಸರ್ ಒಂದು ಬಹಳ ಚೆನ್ನಾಗಿ ಕಂಡಿತು. ಮನೆಯಲ್ಲಿದ್ದ ಮಿಕ್ಸರ್ ಸರಿಯಾಗಿಯೇ ಇತ್ತು. 6,500 ಎಂದರೆ ಮೂವತ್ತು ಗಂಟೆ. ಮೂರು ಪೂರ್ಣ ದಿನಗಳ ದುಡಿಮೆ. ಮೂರು ದಿನದ ಆಯುಷ್ಯ ಕೊಟ್ಟು ಎರಡನೆಯ ಮಿಕ್ಸರನ್ನು ತರಬೇಕೇ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡು, ಮಗಳಿಗೆ ತಿಂಡಿ ಕೊಡಿಸಿ, ಒಂದು ಸುತ್ತು ತಿರುಗಿ ಬಂದೆವು. ಅಮೆರಿಕದ ವಿಕಿ ರಾಬಿನ್ ಮತ್ತು ಜೋ ಡೊಮಿಂಗೆಜ್ ಎಂಬುವರು 1992ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಹಣವನ್ನು ಹೀಗೆ ಆಯುಷ್ಯದಿಂದ ಅಳೆಯುವ ಕ್ರಮವನ್ನು ವಿವರಿಸಿದ್ದಾರೆ. ಇದಕ್ಕೆ ಪಾಂಡಿತ್ಯವೇನೂ ಬೇಡ, ಒಂದು ಭಾಗಾಕಾರ ಸಾಕು.

ಇನ್ನು ಮನೆಯ ಆಯವ್ಯಯ. ನಮ್ಮ ಮನೆಯವರು ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಾರೆ. ಅವರ ಸಂಬಳ 16,000. ಎರಡೂ ಸೇರಿ ಜಮಾ 68,000. ಖರ್ಚಿನ ಬದಿಯಲ್ಲಿ ಬಾಡಿಗೆ 13,000, ದಿನಸಿ ಮತ್ತು ಹಾಲು 9,500, ಕಾಯಿಪಲ್ಯ, ಹಣ್ಣು 3,000, ಮಗಳ ಶಾಲೆ 4,500, ವಿದ್ಯುತ್ತು, ಗ್ಯಾಸು, ನೀರು, ಫೋನು 2,500, ಓಡಾಟ 2,000, ಔಷಧ ಮತ್ತು ಹಿರಿಯರ ಆರೈಕೆ 4,000, ಹಬ್ಬ ಮತ್ತು ಊರ ಪ್ರಯಾಣ 2,500, ಇತರೆ 2,000. ಒಟ್ಟು 43,000. ಉಳಿದದ್ದು 25,000.

ಉಳಿತಾಯ ಎಲ್ಲಿಂದ ಬಂತು ಎಂದು ಕೇಳಬಹುದು. ಕಾಫಿ ಬಿಟ್ಟು, ದೀಪ ಆರಿಸಿ ಉಳಿಸಿದ್ದೆಂದು ತಾವು ಊಹಿಸಿದರೆ ಅದು ಸರಿಯಲ್ಲ. ಕಾಫಿಯನ್ನು ನಾವು ಎರಡು ಹೊತ್ತೂ ಕುಡಿಯುತ್ತೇವೆ. ಉಳಿತಾಯವೆಲ್ಲ ಎರಡು ಮೂರು ದೊಡ್ಡ ತೀರ್ಮಾನಗಳಿಂದ ಬಂದದ್ದು. ಕಚೇರಿಯ ಹತ್ತಿರ ನಾವು ನೋಡಿದ್ದ ಮನೆಗೆ 20,000 ಬಾಡಿಗೆ. ಮಲ್ಕಾಜಗಿರಿಯ ಎರಡು ಕೋಣೆಯ ಮನೆಗೆ 13,000. ಇದೊಂದರಿಂದಲೇ ವರ್ಷಕ್ಕೆ 84,000. ಕಾರು ಕೊಳ್ಳಲಿಲ್ಲ, ಬಸ್ಸು ಸಾಕು. 2023ರ ಡಿಸೆಂಬರಿನಲ್ಲಿ ತೆಲಂಗಾಣ ಸರ್ಕಾರ ಮಹಿಳೆಯರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ ಆರಂಭಿಸಿದ ಮೇಲೆ ಮನೆಯವರ ಓಡಾಟದ ಖರ್ಚೂ ಇಳಿಯಿತು. ಹಿಂಗಾರಿ ಬೆಳೆ ಕೈಗೆ ಬಂದಾಗ ಊರಿನಿಂದ ವರ್ಷದ ಜೋಳ ತರಿಸುತ್ತೇವೆ. ತರಕಾರಿ ರೈತು ಬಜಾರಿನಿಂದ, ವಾರಕ್ಕೊಮ್ಮೆ. ಇಷ್ಟು ಮಾಡಿದ ಮೇಲೆ ಸಣ್ಣಪುಟ್ಟದ್ದಕ್ಕೆ ಮನೆಯವರೊಡನೆ ಜಗಳವಾಡುವ ಅಗತ್ಯ ಬೀಳಲಿಲ್ಲ. ನೂರು ರೂಪಾಯಿಯ ಖರ್ಚಿಗೆ ಗಂಟೆಗಟ್ಟಲೆ ಚರ್ಚಿಸಿ, ಲಕ್ಷ ರೂಪಾಯಿಯ ಸಾಲಕ್ಕೆ ಐದು ನಿಮಿಷದಲ್ಲಿ ಸಹಿ ಹಾಕುವವರನ್ನು ನಾವು ಕೌಂಟರಿನ ಈಚೆಯಿಂದ ಪ್ರತಿದಿನವೂ ನೋಡುತ್ತೇವೆ.

ಉಳಿಸುವ ಕ್ರಮದಲ್ಲಿಯೂ ಒಂದು ಗುಟ್ಟು ಉಂಟು. ಅದನ್ನು ಕನ್ನಡ ನಾಡೇ ದೇಶಕ್ಕೆ ಕಲಿಸಿದೆ. 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ಹುಟ್ಟಿತು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು ಇದೇ. ಅವರು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ಏಜೆಂಟನು ದಿನವೂ ಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪವನ್ನೂ ಸಂಗ್ರಹಿಸಿ ಒಯ್ಯುತ್ತಿದ್ದ. ಕೂಲಿಯವನ, ಸಣ್ಣ ವ್ಯಾಪಾರಿಯ ಹಣ ಸಂಜೆಯ ಖರ್ಚಿಗೆ ಸಿಕ್ಕುವ ಮೊದಲೇ ಭದ್ರವಾಗುತ್ತಿತ್ತು. ಖರ್ಚು ಮಾಡಿ ಉಳಿದದ್ದನ್ನು ಕೂಡಿಡುವುದಲ್ಲ, ಕೂಡಿಟ್ಟು ಉಳಿದದ್ದನ್ನು ಖರ್ಚು ಮಾಡುವುದು: ಪಿಗ್ಮಿಯ ಗುಟ್ಟು ಇಷ್ಟೇ. ನಮ್ಮ 25,000ವೂ ಸಂಬಳ ಬಂದ ಮರುದಿನವೇ ತಾನಾಗಿ ಹೊರಟುಹೋಗುವಂತೆ ಬ್ಯಾಂಕಿಗೆ ಆದೇಶ ಕೊಟ್ಟಿದ್ದೇವೆ. ಪಿ.ಪಿ.ಎಫ್.ಗೆ 8,000, ಷೇರುಪೇಟೆಯ ಸೂಚ್ಯಂಕವನ್ನು ಅನುಸರಿಸುವ ಮ್ಯೂಚುಯಲ್ ಫಂಡಿಗೆ 9,000, ಮಗಳ ಓದಿಗೆ 6,000, ಆಪದ್ಧನಕ್ಕೆ 2,000. ನೆರೆಹೊರೆಯವರ ನಂಬಿಕೆಯ ಮೇಲೆ ನಡೆಯುವ, ನೋಂದಣಿಯಿಲ್ಲದ ಚೀಟಿಗಳಿಗೆ ಒಂದು ಕಾಸನ್ನೂ ಹಾಕುವುದಿಲ್ಲ. 1982ರ ಚಿಟ್ ಫಂಡ್ ಕಾಯಿದೆಯಂತೆ ನೋಂದಣಿಯಾಗಿದೆಯೇ ಎಂದು ಕೇಳಲು ಯಾರೂ ಸಂಕೋಚಪಡಕೂಡದು. ಬ್ಯಾಂಕ್ ಠೇವಣಿಗೂ ವಿಮೆಯ ಮಿತಿ ಉಂಟು. 2020ರ ಫೆಬ್ರವರಿಯಲ್ಲಿ ಅದನ್ನು ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದರು.

ಈಗ ಕುಡಿಕೆಯ ಪ್ರಶ್ನೆಗೆ ಬರೋಣ. ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರರು 1994ರಲ್ಲಿ ಆ ದೇಶದ ಹಿಂದಿನ ದಶಕಗಳ ಲೆಕ್ಕಗಳನ್ನು ಪರಿಶೀಲಿಸಿ, ಮೊದಲ ವರ್ಷ ಗಂಟಿನ ನೂರಕ್ಕೆ ನಾಲ್ಕರಷ್ಟು ತೆಗೆದು, ಅನಂತರ ಬೆಲೆ ಏರಿದಂತೆ ಏರಿಸಿಕೊಂಡು ಹೋದರೆ ಮೂವತ್ತು ವರ್ಷ ಗಂಟು ಕರಗದೆಂದು ತೋರಿಸಿದರು. ಅಂದರೆ ವರ್ಷದ ಖರ್ಚಿನ 25 ಪಟ್ಟು ಬೇಕು. ನಮ್ಮ ದೇಶದ ಬೆಲೆಯೇರಿಕೆ ಬೇರೆ. ಬೇಗ ಬಿಟ್ಟವರು ಉಣ್ಣಬೇಕಾದ ವರ್ಷಗಳೂ ಹೆಚ್ಚು. ಆದ್ದರಿಂದ ನಾವು 30 ಪಟ್ಟು ಹಿಡಿದೆವು. ಇಂದಿನ 43,000ದ ಖರ್ಚಿಗೆ ಇದು ಒಂದೂವರೆ ಕೋಟಿಯನ್ನು ದಾಟುತ್ತದೆ. ಗುಮಾಸ್ತನಿಗೆ ಎದೆ ನಡುಗಿಸುವ ಅಂಕಿ. ಆದರೆ ಊರಿಗೆ ಹೋದ ಮೇಲೆ ಬಾಡಿಗೆ ಇಲ್ಲ. ಮಗಳ ಶಾಲೆಯ ಶುಲ್ಕವೂ ಅಷ್ಟರಲ್ಲಿ ಮುಗಿದಿರುತ್ತದೆ. ಉಳಿಯುವುದು 25,500. ಆರೋಗ್ಯ ವಿಮೆಗೂ ವೈದ್ಯರಿಗೂ ಇನ್ನೊಂದು 4,500 ಸೇರಿಸಿ 30,000 ಎನ್ನೋಣ. ವರ್ಷಕ್ಕೆ 3,60,000, ಅದರ 30 ಪಟ್ಟು 1 ಕೋಟಿ 8 ಲಕ್ಷ. ಇದು ಇಂದಿನ ಬೆಲೆಯಲ್ಲಿ. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಕ್ಕೆ ಎರಡರಷ್ಟಾಗುತ್ತವೆಂಬುದನ್ನು ಮರೆಯಕೂಡದು; ಗುರಿಯೂ ನಮ್ಮೊಡನೆಯೇ ನಡೆಯುತ್ತಿರುತ್ತದೆ.

ಈ ಲೆಕ್ಕದಲ್ಲಿ ಒಂದು ಸೊಗಸು ಅಡಗಿದೆ. ತಿಂಗಳಿಗೆ 1,000 ರೂಪಾಯಿಯ ಒಂದು ಅಭ್ಯಾಸವನ್ನು ಬಿಟ್ಟರೆ ವರ್ಷಕ್ಕೆ 12,000 ಉಳಿಯುವುದಷ್ಟೇ ಅಲ್ಲ. ಕೂಡಿಡಬೇಕಾದ ಗಂಟು 3,60,000 ಕಡಿಮೆಯಾಗುತ್ತದೆ. ಮಿತವ್ಯಯ ಎರಡು ಕೈಯಿಂದ ಕೆಲಸ ಮಾಡುತ್ತದೆ: ಒಂದು ಕೈ ಕುಡಿಕೆಯನ್ನು ತುಂಬುತ್ತದೆ, ಇನ್ನೊಂದು ಕೈ ಕುಡಿಕೆಯನ್ನೇ ಸಣ್ಣದು ಮಾಡುತ್ತದೆ.

ಇಷ್ಟು ಹೇಳಿ ಕುಳಿತರೆ ತಾವು ಚಪ್ಪಾಳೆ ತಟ್ಟಬಹುದು. ಆದರೆ ಎಡವಿದ್ದನ್ನೂ ಹೇಳುತ್ತೇವೆಂದು ಮಾತು ಕೊಟ್ಟಿದ್ದೇವೆ.

ಮೊದಲು ನಮ್ಮ ಪುಸ್ತಕದಲ್ಲಿ ಔಷಧದ ಬಾಬತ್ತಿಗೆ 1,500 ರೂಪಾಯಿಯ ಮಿತಿ ಇತ್ತು. ಯಾವ ಬಾಬತ್ತು ಮಿತಿ ದಾಟಿತೋ ಅದರ ಕೆಳಗೆ ಕೆಂಪು ಮಸಿಯಲ್ಲಿ ಗೆರೆ ಎಳೆಯುವುದು ನಮ್ಮ ಪದ್ಧತಿ, ಬ್ಯಾಂಕಿನಲ್ಲಿ ಕಲಿತದ್ದು. 2022ರ ದೀಪಾವಳಿಯ ಮುಂಚೆ ತಂದೆಯವರು ಊರಿನಿಂದ ಬಂದು ನಮ್ಮಲ್ಲಿ ಇದ್ದರು. ಅವರಿಗೆ ರಕ್ತದ ಒತ್ತಡ ಉಂಟು, ದಿನಕ್ಕೊಂದು ಮಾತ್ರೆ. ಹಗಲೆಲ್ಲ ಮನೆಯಲ್ಲಿ ಒಬ್ಬರೇ. ಸುತ್ತಲೂ ತೆಲುಗು, ಉರ್ದು. ಓದಲು ಮನೆಯಲ್ಲಿ ಕನ್ನಡದಲ್ಲಿದ್ದದ್ದು ದಿನಪತ್ರಿಕೆ ಮತ್ತು ನಮ್ಮ ಲೆಕ್ಕದ ಪುಸ್ತಕ. ಪತ್ರಿಕೆ ಮುಗಿದ ಮೇಲೆ ಅವರು ಪುಸ್ತಕವನ್ನು ಓದಿದರು.

ಮುಂದಿನ ತಿಂಗಳು ಒಂದು ಬೆಳಗ್ಗೆ ಅವರು ಸ್ನಾನದ ಮನೆಯಲ್ಲಿ ತಲೆ ತಿರುಗಿ ಬಿದ್ದರು. ಆಸ್ಪತ್ರೆಯಲ್ಲಿ ಒತ್ತಡ ನೋಡಿದ ವೈದ್ಯರು, "ಮಾತ್ರೆ ತಪ್ಪಿಸಿದ್ದೀರಾ?" ಎಂದು ಕೇಳಿದರು. ತಪ್ಪಿಸಿಲ್ಲವೆಂದು ನಾವೇ ಮುಂದಾಗಿ ಉತ್ತರ ಕೊಟ್ಟೆವು. ಮನೆಗೆ ಹೋಗಿ ಔಷಧದ ಡಬ್ಬಿ ತೆಗೆದು ಎಣಿಸಿದಾಗ, ಮುಗಿದಿರಬೇಕಾದ ಹಾಳೆಯಲ್ಲಿ ಹನ್ನೊಂದು ಮಾತ್ರೆ ಹಾಗೆಯೇ ಇದ್ದವು. ಅವರು ದಿನ ಬಿಟ್ಟು ದಿನ ನುಂಗುತ್ತಿದ್ದರು. ಏಕೆಂದು ಕೇಳಿದರೆ ಬಹಳ ಹೊತ್ತು ಸುಮ್ಮನಿದ್ದು, "ಕೆಂಪು ಗೀಟು ಎಳೆದಿದ್ರೆಲ್ಲಪಾ, ಅದಕ್ಕ" ಎಂದರು.

ಹನ್ನೊಂದು ಮಾತ್ರೆಗಳ ಬೆಲೆ ನೂರು ರೂಪಾಯಿಯೂ ಇಲ್ಲ. ಆಸ್ಪತ್ರೆಯ ಮೂರು ದಿನಕ್ಕೆ 38,000 ಆಯಿತು. ಆ 38,000ವನ್ನು ಪುಸ್ತಕದಲ್ಲಿ ಬರೆಯುವಾಗ ನಮ್ಮಿಬ್ಬರ ಕೈಯೂ ಏಳಲಿಲ್ಲ. ಯಾರ ಸಲುವಾಗಿ ಬೇಗ ಊರಿಗೆ ಹೋಗಬೇಕೆಂದು ಕಾಸು ಕಾಸು ಕೂಡಿಡುತ್ತಿದ್ದೆವೋ, ಅವರೇ ಆ ಕಾಸಿನ ಸಲುವಾಗಿ ತಮ್ಮ ಮಾತ್ರೆಯನ್ನು ಉಳಿಸುತ್ತಿದ್ದರು. ನಾವು ಅವರಿಗೆ ಒಂದು ಮಾತನ್ನೂ ಅಂದಿರಲಿಲ್ಲ. ಅನ್ನುವ ಕೆಲಸವನ್ನು ಪುಸ್ತಕ ಮಾಡಿತ್ತು.

ತಂದೆಯವರು ಗುಣವಾದರು, ಈಗಲೂ ಊರಲ್ಲಿ ಬೆಳಗ್ಗೆ ಹೊಲದ ಬದುವಿನವರೆಗೆ ನಡೆದು ಬರುತ್ತಾರೆ. ನಮ್ಮ ಪುಸ್ತಕ ಮಾತ್ರ ಬದಲಾಯಿತು. ಔಷಧ ಮತ್ತು ಹಿರಿಯರ ಬಾಬತ್ತು ಈಗ ಮೊದಲನೆಯ ಸಾಲಿನಲ್ಲಿದೆ. 4,000 ಎಂದು ಈಗ ತಾನೇ ಓದಿದ್ದು ಸರಾಸರಿ, ಅದಕ್ಕೆ ಮಿತಿಯಿಲ್ಲ. ಕೆಂಪು ಮಸಿಯ ಪೆನ್ನನ್ನು ಮನೆಯಲ್ಲಿಯೇ ಇಟ್ಟಿಲ್ಲ. ಹಿರಿಯರಿಬ್ಬರಿಗೂ ಆರೋಗ್ಯ ವಿಮೆ ಮಾಡಿಸಿದೆವು. ಆಪದ್ಧನವನ್ನು ಆರು ತಿಂಗಳ ಖರ್ಚಿನಷ್ಟು ಬೇರೆ ಇಟ್ಟೆವು. ಇವೆಲ್ಲದರ ಪರಿಣಾಮವಾಗಿ, ಐವತ್ತಕ್ಕೆ ಎಂದಿದ್ದ ನಮ್ಮ ನಿವೃತ್ತಿ ಐವತ್ತಮೂರಕ್ಕೆ ಹೋಯಿತು. ಆಗ ತಂದೆಯವರಿಗೆ 85. ಮೂರು ವರ್ಷ ದೂರವಾಯಿತೆಂಬ ವ್ಯಥೆ ಉಂಟು. ತಪ್ಪು ಮಾಡಿದೆವೆಂಬ ವ್ಯಥೆ ಇಲ್ಲ. ಐವತ್ತಮೂರಾದರೂ ನಿಶ್ಚಯವೇ ಎಂದರೆ, ದಾರಿ ಇನ್ನೂ ಅರ್ಧ ಕೂಡ ಸವೆದಿಲ್ಲವೆಂದೇ ಉತ್ತರ. ಅಲ್ಲಿಯವರೆಗೆ ತಿಂಗಳಿಗೊಂದು ಭಾನುವಾರ ಊರಿಗೆ ಹೋಗಿ ಬರುವುದನ್ನು ತಪ್ಪಿಸುವುದಿಲ್ಲ. ಹದಿನೈದು ವರ್ಷದ ಮೇಲೆ ಸಿಕ್ಕುವ ಸಮಯಕ್ಕಾಗಿ ಇಂದು ಕೈಯಲ್ಲಿರುವ ಸಮಯವನ್ನು ಬಿಟ್ಟುಕೊಡುವುದು ಒಳ್ಳೆಯ ವಿನಿಮಯವಲ್ಲ.

ನಮ್ಮ ತಾಲೂಕಿನ ಅಮರೇಶ್ವರದಿಂದ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ತಾವೆಲ್ಲ ಬಲ್ಲಿರಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ, ಇಷ್ಟೇಕೆ ಎಂದು ಕೇಳಿ ಹೆಚ್ಚಿನದನ್ನು ಹಿಂದಕ್ಕೆ ಹಾಕಿ ಬರಲು ಲಕ್ಕಮ್ಮ ಕಳುಹಿಸಿದಳಂತೆ. ಬಡವರ ಮನೆಯಲ್ಲಿ "ಸಾಕು" ಎಂದು ಹೇಳಿದ ಗೃಹಿಣಿ ಆಕೆ. ಲೆಕ್ಕದ ಪುಸ್ತಕ ಕೊನೆಗೆ ನಮಗೆ ಕಲಿಸಬೇಕಾದದ್ದು ಆ ಒಂದು ಮಾತನ್ನು. ಖರ್ಚಿನಲ್ಲಿ ಎಲ್ಲಿ ಸಾಕು ಎನ್ನಬೇಕೋ ತಿಳಿಯದವನು ದುಂದುಗಾರ. ಉಳಿತಾಯದಲ್ಲಿ ಎಲ್ಲಿ ಸಾಕು ಎನ್ನಬೇಕೋ ತಿಳಿಯದವನು ಜಿಪುಣ.

ಕೊನೆಯದಾಗಿ, ಬೇಗ ನಿವೃತ್ತರಾದವರು ಸೋಮಾರಿಗಳಾಗುವರೆಂಬ ಆಕ್ಷೇಪಣೆ. ಇದಕ್ಕೆ ಉತ್ತರ ಈ ಊರಿನಲ್ಲಿಯೇ ಇದೆ. ವಿಶ್ವೇಶ್ವರಯ್ಯನವರು 1908ರಲ್ಲಿ ಮುಂಬಯಿ ಸರ್ಕಾರದ ಸೇವೆಯಿಂದ ತಾವಾಗಿಯೇ ನಿವೃತ್ತರಾದರು. ಆಗ ಅವರಿಗೆ ಐವತ್ತು ತುಂಬಿರಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಈ ನಗರದಲ್ಲಿ ಸಾವಿರಾರು ಜನ ಸತ್ತರು. ನಿಜಾಮ ಸರ್ಕಾರ ಕರೆದಾಗ ಅವರು 1909ರಲ್ಲಿ ಇಲ್ಲಿಗೆ ಬಂದು, ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯುವ ಯೋಜನೆಯನ್ನು ರೂಪಿಸಿಕೊಟ್ಟರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಅವರು ಇಲ್ಲಿಂದ ಮೈಸೂರಿಗೆ ಹೋಗಿ ಮುಖ್ಯ ಇಂಜಿನಿಯರರಾಗಿ, 1912ರಲ್ಲಿ ದಿವಾನರಾದದ್ದು ನಿವೃತ್ತಿಯ ಅನಂತರದ ಮಾತು. ನಾವು ಅವರ ಕಾಲಧೂಳಿಗೂ ಸಮರಲ್ಲ. ಆದರೂ ಕೈ ಬಿಡುವಾದಾಗ ಕರೆದ ಕಡೆಗೆ ಹೋಗಲು ಸಾಧ್ಯ ಎಂಬಷ್ಟನ್ನು ಅವರಿಂದ ಕಲಿಯಬಹುದು. ನಮ್ಮನ್ನು ಕರೆಯುವುದು ಎರಡೆಕರೆ ಹೊಲ, ಇಬ್ಬರು ಹಿರಿಯರು, ಲೆಕ್ಕ ಹೇಳಿಕೊಡುವವರಿಲ್ಲದ ಹಳ್ಳಿಯ ಹುಡುಗರು. ನಮಗೆ ಅಷ್ಟು ಸಾಕು.

ಕೂತುಂಡರೆ ಕುಡಿಕೆ ಹೊನ್ನು ಸಾಲುವುದೇ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇದು: ಲೆಕ್ಕವಿಟ್ಟರೆ ಸಾಲಬಹುದು. ಆದರೆ ಕುಡಿಕೆಯನ್ನು ತುಂಬುವ ಅವಸರದಲ್ಲಿ, ಜೊತೆಗೆ ಕೂತು ಉಣ್ಣಬೇಕಾದವರ ಎಲೆಯನ್ನು ಎತ್ತಿಬಿಡಬಾರದು. ತಾವು ಈ ಹೊತ್ತು ಮನೆಗೆ ಹೋದ ಮೇಲೆ ಲೆಕ್ಕದ ಪುಸ್ತಕವನ್ನು ಆರಂಭಿಸಿರಿ. ಆರಂಭಿಸಿದವರು, ಅದನ್ನು ಮನೆಯಲ್ಲಿ ಯಾರು ಯಾರು ಓದುತ್ತಾರೆಂಬುದನ್ನು ನೆನಪಿನಲ್ಲಿಟ್ಟು ಬರೆಯಿರಿ.